ಸೋಲನ್ನು ಕೇಳಿ ತರುತ್ತಿದ್ದ ಮೇಷ್ಟ್ರು

ಮೂವತ್ತೈದು ನಲವತ್ತು ಪಾಯಿಂಟುಗಳಿಂದ ಸೋತ ಮೇಲೆ, ಗೆದ್ದ ತಂಡದ ಕೋಚಿನ ಎರಡೂ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಬನ್ನಿ ಸಾರ್, ನಮ್ಮ ಹುಡುಗ್ರಿಗೆ ಇಷ್ಟು ಸಾಲ್ದು" ಎಂದು ಕೇಳಿಕೊಳ್ಳುವ ಮನುಷ್ಯನನ್ನು ನನ್ನ ಆಯುಸ್ಸಿನಲ್ಲಿ ನಾನು ಒಬ್ಬನನ್ನೇ ನೋಡಿದ್ದು. ಗೆದ್ದವರಿಗೇ ಮುಜುಗರವಾಗುತ್ತಿತ್ತು. ಕೆಲವರು ಇವರು ಅಣಕಿಸುತ್ತಿದ್ದಾರೆಂದು ತಿಳಿದು ಮುಖ ಗಂಟಿಕ್ಕುತ್ತಿದ್ದರು. ಮುನಿರಾಜು ಮೇಷ್ಟ್ರಿಗೆ ಅಣಕವೆಂಬುದು ಗೊತ್ತೇ ಇರಲಿಲ್ಲ. ಸೋಲು ಅವರಿಗೆ ನಿಜವಾಗಿಯೂ ಬೇಕಾಗಿತ್ತು, ನೆಂಟರ ಮನೆಯಲ್ಲಿ ಇನ್ನೊಂದು ಮುದ್ದೆ ಕೇಳುವಂತೆ ಕೇಳುತ್ತಿದ್ದರು.

ತಮಿಳುನಾಡಿಗೆ ಸೇರಿದ ಹೊಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಅವರು ದೈಹಿಕ ಶಿಕ್ಷಣದ ಮೇಷ್ಟ್ರು. ಹುಡುಗರು 'ಪಿ.ಡಿ. ಸಾರ್' ಎನ್ನುತ್ತಿದ್ದರು. ಊರು ಬಾಗಲೂರಿನ ಆಚೆ, ಗಡಿಗೆ ಅಂಟಿಕೊಂಡ ಹಳ್ಳಿ. ಬಾಸ್ಕೆಟ್‌ಬಾಲ್ ಕಲಿಸುವವರು ಎಂದರೆ ಯಾರೂ ನಂಬದಷ್ಟು ಗಿಡ್ಡ ಆಳು. ತಂಡದ ಜೊತೆ ಎಲ್ಲಿಗೆ ಹೋದರೂ ಎದುರಿನವರು ನನ್ನ ಕೈ ಕುಲುಕಿ "ವಣಕ್ಕಂ ಕೋಚ್" ಎನ್ನುತ್ತಿದ್ದರು, ಏಕೆಂದರೆ ಉದ್ದ ಇದ್ದವನು ನಾನು. ಮೇಷ್ಟ್ರು ಪಕ್ಕದಲ್ಲೇ ನಿಂತು ನಗುತ್ತಿದ್ದರು. "ಬಿಡಣ್ಣ, ನೀವೇ ಕುಲುಕ್ಕೊಳಿ. ನನ್ನ ಕೈ ಆಟ ಮುಗಿದ್ ಮೇಲೆ ಕುಲುಕ್ತಾರೆ."

ನನ್ನ ವಿಷಯ ಸ್ವಲ್ಪ ಹೇಳಬೇಕು. ಕೋಲಾರದ ಕಡೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಬಂದು ಇಲ್ಲಿನ ಕಾರ್ಖಾನೆಯೊಂದರಲ್ಲಿ ಸೇರಿದವನು ನಾನು. ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಬಹಳ ವರ್ಷ ಕ್ಯಾಪ್ಟನ್ ಆಗಿದ್ದೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಸ್ವಯಂನಿವೃತ್ತಿ ಕೊಟ್ಟು ಕಳಿಸಿದರು. ಮೂಕಂಡಪಲ್ಲಿಯ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಆ ಕಾಲೇಜಿನ ಕರೆಸ್ಪಾಂಡೆಂಟ್ ಕರೆಸಿದರು. ನಮ್ಮ ಕಡೆ ಖಾಸಗಿ ಕಾಲೇಜು ನಡೆಸುವ ಯಜಮಾನರನ್ನು ಹಾಗೆ ಕರೆಯುತ್ತಾರೆ. "ಕೆಂಪಣ್ಣ, ನಮ್ಮ ಟೀಮಿಗೆ ಮ್ಯಾನೇಜರ್ ಆಗ್ರಿ" ಎಂದರು. ಕೆಲಸ ಇಷ್ಟೇ: ಯೂನಿವರ್ಸಿಟಿಯ ವಲಯ ಪಂದ್ಯಗಳಿಗೆ ಮೊದಲು ಬೇರೆ ತಂಡಗಳಿಗೆ ಫೋನ್ ಮಾಡಿ ಸ್ನೇಹದ ಪಂದ್ಯಗಳನ್ನು ಗೊತ್ತುಮಾಡುವುದು, ವ್ಯಾನು ನೋಡುವುದು, ನೀರು ತುಂಬಿಸುವುದು. ಯಾರ ಜೊತೆ ಆಡಬೇಕೆಂದು ಮೇಷ್ಟ್ರು ಹೇಳುತ್ತಿದ್ದರು, ಅವರನ್ನು ನಾನು ಕರೆಯುತ್ತಿದ್ದೆ. ನಾಲ್ಕು ವರ್ಷ ಹಾಗೇ ನಡೆಯಿತು.

ಮೇಷ್ಟ್ರು ಹೇಳುತ್ತಿದ್ದವು ಹೆಚ್ಚಾಗಿ ನಮ್ಮನ್ನು ಹಿಂಡಿ ಹಾಕುವ ತಂಡಗಳೇ. ಬೆಂಗಳೂರಿನ ಒಂದು ಕ್ಲಬ್ಬು, ಸೇಲಂನ ದೊಡ್ಡ ಕಾಲೇಜು, ಪೊಲೀಸಿನವರ ತಂಡ, ಆಮೇಲೆ ನನ್ನ ಹಳೆಯ ಕಾರ್ಖಾನೆ ತಂಡ. ವಲಯ ಪಂದ್ಯದಲ್ಲಿ ಲೆಕ್ಕಕ್ಕೆ ಬರದ ಆಟಗಳು ಇವು, ಗೆದ್ದರೂ ಸೋತರೂ ಒಂದೇ. ಹಾಗಿರುವಾಗ ಸೋಲುವುದಕ್ಕೆ ಬೆಂಗಳೂರಿಗೆ ಏಕೆ ಹೋಗಬೇಕೆಂದು ನಾನು ಕೇಳುತ್ತಿದ್ದೆ.

"ಲೆಕ್ಕಕ್ಕಿಲ್ಲ ಅಂತಾನೇ ಅಲ್ಲಿ ಸೋಲ್ಬೇಕು ಕೆಂಪಣ್ಣ. ಲೆಕ್ಕಕ್ಕಿರೋ ಕಡೆ ಸೋತ್ರೆ ಯಾರು ಕೊಡ್ತಾರೆ ವಾಪಸ್ಸು?"

"ಎಲ್ಲಾ ಕಡೆ ಸೋತು ಸೋತು ಹುಡುಗರ ಎದೆ ಒಡೆದೋಗಲ್ವಾ?"

"ಒಡೀತದೆ. ಅದಕ್ಕೇ ಎಲ್ಲಾ ಕಡೆ ಸೋಲ್ಬಾರ್ದು. ಸೋಲಿಗೆ ಮೈ ಒಗ್ಗೋದೂ ಒಂದು ರೋಗಾನೇ. ಒಂದು ಸಮಬಲದ್ದು ಇರ್ಲಿ, ಒಂದು ನಾವು ಗೆಲ್ಲೋದೂ ಇರ್ಲಿ. ಆದ್ರೆ ಸುಲಭದ ಗೆಲುವು ಹಲಸಿನ ಅಂಟಿದ್ದಂಗೆ ಕಣಣ್ಣ, ಕೈಗೆ ಹತ್ತಿದ್ರೆ ನೀರಲ್ಲಿ ತೊಳೆದ್ರೆ ಹೋಗಲ್ಲ."

ಸೋತು ಬರುವಾಗ ವ್ಯಾನಿನಲ್ಲಿ ಅವರದೊಂದು ಪದ್ಧತಿಯಿತ್ತು. ಅತ್ತಿಬೆಲೆ ದಾಟುತ್ತಿದ್ದಂತೆ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಒಬ್ಬೊಬ್ಬನನ್ನೇ "ನೀನೇನ್ ತಂದೆ?" ಎಂದು ಕೇಳುತ್ತಿದ್ದರು. ಸಂತೆಗೆ ಹೋದವನು ಬರಿಗೈಲಿ ಬರಬಾರದು ಎಂಬುದು ಅವರ ಮಾತು. ಎದುರಿನವನು ಮಾಡಿದ, ತನಗೆ ಮಾಡಲು ಬಾರದ ಒಂದು ಸಂಗತಿಯನ್ನು ಪ್ರತಿಯೊಬ್ಬನೂ ಹೇಳಬೇಕು.

"ಸಾರ್, ಆ ಉದ್ದದವನು ಚೆಂಡು ಬರೋಕ್ ಮೊದ್ಲೇ ಸೊಂಟದಲ್ಲಿ ನನ್ನ ತಳ್ಳಿ ಜಾಗ ಹಿಡ್ಕೊಂತಿದ್ದ."

"ಹಾಂ, ಇದು ಒಳ್ಳೆ ಸಾಮಾನು. ಇಟ್ಕೊ. ನೀನೇನ್ ತಂದ್ಯೋ ಸೆಲ್ವಾ?"

ಸೆಲ್ವಂ ಚೆಂಡು ಹೊತ್ತು ತಂಡವನ್ನು ನಡೆಸುತ್ತಿದ್ದ ಹುಡುಗ, ತಮಿಳರವನು, ಮೇಷ್ಟ್ರ ಜೊತೆ ಕನ್ನಡದಲ್ಲೇ ಮಾತಾಡಲು ಹಟ ಹಿಡಿಯುತ್ತಿದ್ದ. "ನಾನು ಬೈಗುಳ ತಂದೆ ಸಾರ್. ಬೆಂಗಳೂರು ಬೈಗುಳ. ಹೊಸದು" ಎಂದ. ವ್ಯಾನೆಲ್ಲಾ ನಕ್ಕಿತು. ಮೇಷ್ಟ್ರು ನಗುತ್ತಲೇ, "ಅದನ್ನ ಅಲ್ಲೇ ಬಿಟ್ ಬರ್ಬೇಕಿತ್ತು ಕಣ್ಲಾ. ಇನ್ನೊಂದ್ ಹೇಳು" ಎಂದರು. ಹೇಳುವವರೆಗೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಆ 'ಸಾಮಾನು'ಗಳನ್ನೆಲ್ಲ ಕಾಲೇಜಿನ ಸಿಮೆಂಟು ಅಂಕಣದಲ್ಲಿ ಹರಡಿಕೊಂಡು ಒಂದೊಂದನ್ನೇ ಕಲಿಸುತ್ತಿದ್ದರು. ಹೀಗೆ ಊರೂರಲ್ಲಿ ಸೋತ ಆ ತಂಡ ವಲಯ ಪಂದ್ಯಗಳಲ್ಲಿ ಮೂರನೆಯ ಸುತ್ತಿನವರೆಗೆ ಹೋಗುತ್ತಿತ್ತು, ಒಂದು ವರ್ಷ ಸೆಮಿಫೈನಲ್‌ವರೆಗೂ ಹೋಗಿತ್ತು. ಅದು ನಮ್ಮಂಥ ಕಾಲೇಜಿಗೆ ದೊಡ್ಡದೇ. ಆದರೆ ವಲಯ ಪಂದ್ಯ ನೋಡಲು ಊರಿನವರು ಯಾರೂ ಬರುವುದಿಲ್ಲ. ಅವರು ನೋಡುವುದು ನಮ್ಮ ಅಂಕಣದಲ್ಲಿ ನಾವು ಸೋಲುವುದನ್ನು.

ಈಗ ನನ್ನ ಪಾಪದ ಕಥೆಗೆ ಬರುತ್ತೇನೆ. ಐದನೆಯ ವರ್ಷ ಕಾಲೇಜು ತೆರೆದಾಗ ಕರೆಸ್ಪಾಂಡೆಂಟ್ ನನ್ನೊಬ್ಬನನ್ನೇ ಕೋಣೆಗೆ ಕರೆದು, "ಏನ್ ಕೆಂಪಣ್ಣ, ನಮ್ಮ ಗ್ರೌಂಡಲ್ಲೇ ನಮಗೆ ಮರ್ಯಾದೆ ಇಲ್ವಲ್ಲ. ಮುನಿರಾಜುದು ಇನ್ನೂ ಟೆಂಪರರಿ ಪೋಸ್ಟು, ಗೊತ್ತಲ್ಲ? ಈ ವರ್ಷ ಟೀಮು ಗೆಲ್ಲೋದು ಕಾಣ್ಬೇಕು" ಎಂದರು. ಆಮೇಲೆ ನಾನು ಮಾಡಿದ್ದೆಲ್ಲ ಮೇಷ್ಟ್ರ ಕೆಲಸ ಉಳಿಸಲೆಂದೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಕಾಲು ಭಾಗ ನಿಜ. ಉಳಿದದ್ದು ಇದು: ಮೂಕಂಡಪಲ್ಲಿಯ ಟೀ ಅಂಗಡಿಯಲ್ಲಿ ನನ್ನ ಜೊತೆ ಕಾರ್ಖಾನೆಯಲ್ಲಿದ್ದವರೆಲ್ಲ ಸಂಜೆ ಸೇರುತ್ತಿದ್ದರು. ಒಂದು ಕಾಲದಲ್ಲಿ ನನಗಾಗಿ ಶಿಳ್ಳೆ ಹೊಡೆದವರೇ ಅವರು. ಈಗ ನಾನು ಕಂಡ ಕೂಡಲೇ, "ಬಾರಪ್ಪಾ ಕ್ಯಾಪ್ಟನ್ನು, ಇವತ್ತು ಎಷ್ಟರಲ್ಲಿ ಕವುಚ್ಕೊಂಡ್ರಿ?" ಎಂದು ಶುರುಮಾಡುತ್ತಿದ್ದರು. ಟೀ ಹಾಕುವವನು ಸಹ ತೆಲುಗಿನಲ್ಲಿ ಒಂದು ಮಾತು ಸೇರಿಸುತ್ತಿದ್ದ. ನಾನು ನಕ್ಕುಬಿಡುತ್ತಿದ್ದೆ. ಮನೆಗೆ ಹೋಗಿ ಹೆಂಡತಿಯ ಮೇಲೆ ರೇಗುತ್ತಿದ್ದೆ.

ಆ ವರ್ಷ ಮೇಷ್ಟ್ರು ಎಂದಿನ ನಾಲ್ಕು ತಂಡಗಳನ್ನೇ ಹೇಳಿದರು. ಸೇಲಂನವರನ್ನಂತೂ ಎರಡು ಸಲ ಕರೆಯಿರಿ ಎಂದು ಒತ್ತಿ ಹೇಳಿದರು. "ಈ ಸಲ ಅವ್ರು ಅಂಕಣದ ತುಂಬಾ ಬೆನ್ನತ್ತಿ ಹಿಡಿಯೋ ಆಟ ಆಡ್ತಾವ್ರಂತೆ. ನಮ್ಮ ಹುಡುಗ್ರು ಅದನ್ನ ಒಂದ್ಸಲಾನಾದ್ರೂ ಮೈಮೇಲೆ ಹಾಕ್ಕೊಂಡಿರ್ಬೇಕು."

"ಫೋನ್ ಮಾಡ್ತೀನಿ ಮೇಷ್ಟ್ರೇ" ಎಂದೆ. ಮಾಡಲಿಲ್ಲ. ಸೇಲಂನಲ್ಲಿ ಪರೀಕ್ಷೆಯಂತೆ ಎಂದೆ. ಬೆಂಗಳೂರಿನ ಕ್ಲಬ್ಬಿನಲ್ಲಿ ನೆಲ ಕಿತ್ತು ಹೊಸದು ಹಾಕುತ್ತಿದ್ದಾರಂತೆ ಎಂದೆ. ಪೊಲೀಸಿನವರಿಗೆ ಬಂದೋಬಸ್ತು ಎಂದೆ. ಅವರ ಬದಲು ಒಂದು ಪಾಲಿಟೆಕ್ನಿಕ್‌ನ ಮೊದಲ ವರ್ಷದ ಹುಡುಗರನ್ನು, ಕೃಷ್ಣಗಿರಿಯಲ್ಲಿ ಆಗತಾನೆ ಚೆಂಡು ಕೊಂಡಿದ್ದ ಒಂದು ಕಾಲೇಜಿನವರನ್ನು, ಇಂಥವರನ್ನೇ ಆರಿಸಿ ಕರೆತಂದೆ. ನಾವು ಗೆಲ್ಲುತ್ತಾ ಹೋದೆವು. ಹುಡುಗರು ಕಾಲರ್ ಎತ್ತಿಕೊಂಡು ಓಡಾಡತೊಡಗಿದರು. ಟೀ ಅಂಗಡಿಯಲ್ಲಿ ನನಗೆ ಕೂರಲು ಜಾಗ ಬಿಡತೊಡಗಿದರು. ಮೇಷ್ಟ್ರಿಗೆ ಮಾತ್ರ ಸಂಕಟ. "ಇದೇನಣ್ಣ, ಬರೀ ಬೂಸಾ ಮೇಯಿಸ್ತಾ ಇದೀವಲ್ಲ ಹುಡುಗ್ರಿಗೆ. ಕಾರ್ಖಾನೆಯವ್ರಾದ್ರೂ ಬತ್ತಾರಾ?" ಎಂದು ದಿನಾ ಕೇಳುತ್ತಿದ್ದರು.

ಕಾರ್ಖಾನೆಯವರನ್ನು ಇಲ್ಲವೆನ್ನುವುದು ಸಾಧ್ಯವಿರಲಿಲ್ಲ, ಅವರು ಪಕ್ಕದಲ್ಲೇ ಇದ್ದರು. ಅದಕ್ಕೆ ನಾನು ಇನ್ನೂ ಕೆಟ್ಟ ಕೆಲಸ ಮಾಡಿದೆ. ಆಗ ಆ ತಂಡದ ಕ್ಯಾಪ್ಟನ್ ಗೋವಿಂದರಾಜು. ನನ್ನ ಕೈಕೆಳಗೆ ಆಟ ಕಲಿತವನು, ನನ್ನೆದುರು ಇವತ್ತಿಗೂ ಕೂತು ಮಾತಾಡದವನು. ಮಧ್ಯಾಹ್ನದ ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಬಳಿ ಹೋಗಿ ಅವನನ್ನು ಪಕ್ಕಕ್ಕೆ ಕರೆದೆ.

"ಗೋವಿಂದಾ, ಭಾನುವಾರ ನಮ್ಮ ಹುಡುಗರ ಜೊತೆ ಸ್ವಲ್ಪ ಕೈ ಹಿಡಿದು ಆಡ್ರಪ್ಪ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಸೋಲೋದಾ ಅಣ್ಣ? ನಾವಾ?"

"ಸೋಲು ಅಂದ್ನಾ? ಕೈ ಹಿಡಿದು ಆಡು ಅಂದೆ. ಪಾಪ, ಮೇಷ್ಟ್ರ ಕೆಲಸ ಅದರ ಮೇಲೆ ನಿಂತಿದೆ."

ಅವನು ಬಸ್ಸಿನ ಕಡೆ ನೋಡಿದ, ನೆಲ ನೋಡಿದ. "ಬೇರೆ ಯಾರಾದ್ರೂ ಹೇಳಿದ್ರೆ ಬೇರೆ ಮಾತಾಡ್ತಿದ್ದೆ. ನಿಮ್ಮ ಮಾತು ಮೀರಲ್ಲ. ನಮ್ಮೋರಿಗೂ ಹೇಳ್ತೀನಿ" ಎಂದು ಹೊರಟ. ಹಿರಿಯರ ಮಾತು ಮೀರಬಾರದೆಂದು ಅವನಿಗೆ ಹೇಳಿಕೊಟ್ಟವನೂ ನಾನೇ.

ಆ ಭಾನುವಾರ ನಮ್ಮ ಹುಡುಗರು ಕಾರ್ಖಾನೆ ತಂಡವನ್ನು ಮೊಟ್ಟಮೊದಲ ಸಲ ಸೋಲಿಸಿದರು. ಕರೆಸ್ಪಾಂಡೆಂಟ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಎದ್ದು ಚಪ್ಪಾಳೆ ತಟ್ಟಿದರು. ಹುಡುಗರು ಸೆಲ್ವಂನನ್ನು ಹೆಗಲ ಮೇಲೆ ಹೊತ್ತರು. ನಾನು ಸ್ಕೋರು ಬರೆಯುವ ಮೇಜಿನ ಹತ್ತಿರ ನಿಂತು, ನಾಚಿಕೆಯಿಲ್ಲದೆ, ಸಂತೋಷಪಟ್ಟೆ. ಎಲ್ಲ ಚದುರಿದ ಮೇಲೆ ಮೇಷ್ಟ್ರು ಹತ್ತಿರ ಬಂದರು.

"ಅಣ್ಣ, ಗೋವಿಂದರಾಜುಗೆ ಮೈ ಸರಿ ಇಲ್ವಾ? ಬೋರ್ಡಿಗೆ ತಗುಲಿ ಬಿದ್ದ ಚೆಂಡಿಗೆ ಎಗರಲೇ ಇಲ್ವಲ್ಲ. ಮಿಕ್ಕೋರೂ ಹಂಗೇ ನಿಂತಿದ್ರು."

"ನೈಟ್ ಶಿಫ್ಟ್ ಮುಗಿಸಿ ಹಂಗೇ ಬಂದವ್ರೆ ಮೇಷ್ಟ್ರೇ, ನಿದ್ದೆ ಇಲ್ಲ."

"ಅಯ್ಯೋ ಪಾಪ" ಎಂದರು. ಅಷ್ಟೇ. ನನ್ನ ಮಾತಿನ ಮೇಲೆ ಅನುಮಾನಪಡುವುದು ಅವರಿಗೆ ಹೊಳೆಯಲೇ ಇಲ್ಲ. ಓಡಿಹೋಗಿ ಕಾರ್ಖಾನೆಯವರನ್ನೆಲ್ಲ ತಡೆದು ನಿಲ್ಲಿಸಿ ಟೀ ಕುಡಿಸಿದರು, ನಿದ್ದೆಗೆಟ್ಟು ಬಂದಿದ್ದಕ್ಕೆ ಕೈಮುಗಿದರು. ಗೋವಿಂದರಾಜು ಟೀ ಲೋಟ ಹಿಡಿದುಕೊಂಡು ನನ್ನ ಕಡೆ ನೋಡಿದ್ದು ಮರೆತಿಲ್ಲ.

ವಲಯ ಪಂದ್ಯಗಳು ಸೇಲಂನಲ್ಲಿ. ಮೊದಲ ಆಟವೇ ಆ ದೊಡ್ಡ ಕಾಲೇಜಿನ ಮೇಲೆ ಬಿತ್ತು. ಮೇಷ್ಟ್ರು ಹೇಳಿದ್ದ ಆ ಆಟವನ್ನೇ ಅವರು ಆಡಿದರು. ಚೆಂಡು ಒಳಗೆ ಬಂದ ಕ್ಷಣದಿಂದ ಒಬ್ಬೊಬ್ಬನಿಗೂ ಒಬ್ಬೊಬ್ಬ ಜಿಗಣೆಯಂತೆ ಅಂಟಿಕೊಂಡ. ಅಂಕಣದ ಅರ್ಧ ದಾಟುವುದೇ ನಮ್ಮವರಿಗೆ ಆಗಲಿಲ್ಲ. ಸೆಲ್ವಂನ ಕೈಯಿಂದ ಚೆಂಡು ಮತ್ತೆ ಮತ್ತೆ ಜಾರಿತು. ಗೆದ್ದು ಗೆದ್ದು ಬಂದಿದ್ದ ಹುಡುಗರಿಗೆ ಇದೇನೆಂದು ತಿಳಿಯಲಿಲ್ಲ, ಒಬ್ಬರ ಮೇಲೊಬ್ಬರು ಕೂಗಾಡಿದರು. ವಿರಾಮದಲ್ಲಿ ಸೆಲ್ವಂ ಏದುಸಿರು ಬಿಡುತ್ತಾ, ಕನ್ನಡ ಮರೆತು ತಮಿಳಿನಲ್ಲಿ, ಉಸಿರಾಡೋದಕ್ಕೂ ಬಿಡುತ್ತಿಲ್ಲ ಸಾರ್ ಎಂದು ಅತ್ತ. ಮೇಷ್ಟ್ರು ಅವನ ತಲೆಯ ಮೇಲೆ ಒದ್ದೆ ಟವೆಲ್ಲು ಹಾಕಿದರು.

"ಇದನ್ನ ನೀವು ಮೊದ್ಲೇ ನೋಡಿರ್ಬೇಕಾಗಿತ್ತು ಕಣ್ರಲಾ. ತೋರಿಸ್ಲಿಲ್ಲ. ತಪ್ಪು ನಂದು."

ನಾನು ಅವರ ಬೆನ್ನ ಹಿಂದೆ ನೀರಿನ ಬಾಟಲಿಗಳನ್ನು ಹಿಡಿದುಕೊಂಡು ನಿಂತಿದ್ದೆ. ವಲಯ ಪಂದ್ಯದಲ್ಲಿ ನಮ್ಮ ತಂಡ ಹಿಂದೆಂದೂ ಹಾಗೆ ಸೋತಿರಲಿಲ್ಲ. ಹಿಂದಿರುಗುವಾಗ ವ್ಯಾನಿನಲ್ಲಿ ಮೇಷ್ಟ್ರು ಯಾರನ್ನೂ ಏನೂ ಕೇಳಲಿಲ್ಲ.

ಮರುವಾರ ಕರೆಸ್ಪಾಂಡೆಂಟ್ ಇಬ್ಬರನ್ನೂ ಕರೆಸಿದರು. "ಹಿಂದಿನ ವರ್ಷಗಳಲ್ಲಿ ಟೀಮಿಗೇ ಬಲ ಇಲ್ಲ ಅಂದ್ಕೊಂಡಿದ್ದೆ. ಈ ವರ್ಷ ಹಂಗಲ್ಲ. ಕಾರ್ಖಾನೆಯವರನ್ನೇ ಹೊಡೆದ ಹುಡುಗರು, ನಾನೇ ಕಣ್ಣಾರೆ ನೋಡಿದೀನಿ. ಅಂಥ ಟೀಮು ಮೊದಲನೇ ಆಟದಲ್ಲೇ ಹಿಂಗೆ ಬಿದ್ದರೆ ತಪ್ಪು ಯಾರದು? ಕೆಂಪಣ್ಣ, ನೀವು ಆಟ ತಿಳಿದೋರು, ನೀವೇ ಹೇಳಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ಅನುಮಾನದಿಂದಲ್ಲ. ಇವರು ನಮ್ಮವರು, ಒಂದು ಮಾತು ಆಡುತ್ತಾರೆ ಎಂಬ ನಂಬಿಕೆಯಿಂದ. ಆಗ ಹೇಳಬಹುದಾಗಿತ್ತು. ಆ ಗೆಲುವುಗಳು ನಾನು ಕಟ್ಟಿದ ಸುಳ್ಳು ಸಾರ್, ಇವರು ಕೇಳಿದ್ದು ಬೇರೆ ತಂಡಗಳನ್ನು ಎಂದರೆ ಸಾಕಾಗಿತ್ತು. ನನ್ನ ಬಾಯಿಂದ ಬಂದದ್ದು, "ಹುಡುಗರು ಹೆದರಿಬಿಟ್ರು ಸಾರ್" ಎಂಬ ಮಾತು. ಅದನ್ನು ಹೇಳಿ ನಾನು ಗೋಡೆಯ ಕಡೆ ನೋಡಿದೆ.

ಆ ವರ್ಷದ ಕೊನೆಗೆ ಅವರ ಕೆಲಸ ಮುಂದುವರಿಸಲಿಲ್ಲ. ಹೊರಡುವ ದಿನ ಮೇಷ್ಟ್ರು ಚೆಂಡುಗಳಿಗೆಲ್ಲ ಗಾಳಿ ತುಂಬಿ ಚೀಲದಲ್ಲಿಟ್ಟು ನನ್ನ ಕೈಗೆ ಕೊಟ್ಟರು. "ನೀವು ಇಲ್ಲೇ ಇರಿ ಅಣ್ಣ, ಬಿಟ್ ಹೋಗ್ಬೇಡಿ. ಬರೋ ವರ್ಷ ಹುಡುಗ್ರನ್ನ ಒಳ್ಳೆ ಕಡೆ ಆಡ್ಸಿ" ಎಂದರು. ನಾನು ಅಲ್ಲೇ ಇದ್ದೆ. ಮ್ಯಾನೇಜರ್ ಅನ್ನಿಸಿಕೊಂಡು ಇನ್ನೂ ಎರಡು ವರ್ಷ ಇದ್ದೆ.

ಅದಾಗಿ ಕೆಲವು ವರ್ಷಗಳ ಮೇಲೆ ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸೆಲ್ವಂ ಸಿಕ್ಕಿದ. ಲಾರಿ ಕಾರ್ಖಾನೆಯ ಯೂನಿಫಾರಂ ಹಾಕಿದ್ದ. ಚೆಂಡು ಮುಟ್ಟಿ ವರ್ಷಗಳೇ ಆದವು ಎಂದ. "ಪಿ.ಡಿ. ಸಾರ್ ಬಾಗಲೂರು ಹತ್ರ ರೋಜಾ ತೋಟದಲ್ಲಿ ಕೆಲಸ ಮಾಡ್ತಾವ್ರೆ ಸಾರ್. ನನ್ನಿಂದ ಆಗಿದ್ದು. ನಾನು ಅವತ್ತು ಬಾಲು ಬಿಡದೆ ಇದ್ದಿದ್ರೆ ಅವರ ಕೆಲಸ ಹೋಗ್ತಿರಲಿಲ್ಲ" ಎಂದ. ನನ್ನ ಪಾಪವನ್ನು ಆ ಹುಡುಗ ಹೊತ್ತುಕೊಂಡು ತಿರುಗುತ್ತಿದ್ದ. ಆವತ್ತೂ ಅವನಿಗೆ ನಿಜ ಹೇಳದೆ ಮನೆಗೆ ಹೋದೆ. ಆದರೆ ಮರುದಿನ ಬೆಳಿಗ್ಗೆ ಬಾಗಲೂರು ಬಸ್ಸು ಹತ್ತಿದೆ.

ಪ್ಲಾಸ್ಟಿಕ್ ಹಾಳೆಯ ಚಪ್ಪರದ ಕೆಳಗೆ ಗುಲಾಬಿ ಸಾಲುಗಳ ನಡುವೆ ಅವರು ಮೊಗ್ಗು ಕತ್ತರಿಸುತ್ತಿದ್ದರು. ಕೂದಲು ಬೆಳ್ಳಗಾಗಿತ್ತು. ಮುಂಗೈ ತುಂಬಾ ಮುಳ್ಳು ಗೀರಿದ ಗೆರೆ. "ಓ ಕೆಂಪಣ್ಣ! ಬನ್ನಿ ಬನ್ನಿ, ಈ ಕಡೆ ನೆರಳಿಗೆ" ಎಂದು ಸಂಭ್ರಮಪಟ್ಟರು. ಆ ಸಂಭ್ರಮ ಮುಗಿಯುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ನಿಂತುಕೊಂಡೇ. ಮಾಡದ ಫೋನುಗಳು, ಗೇಟಿನ ಬಳಿ ಗೋವಿಂದರಾಜುಗೆ ಹೇಳಿದ್ದು, ಕರೆಸ್ಪಾಂಡೆಂಟ್ ಕೋಣೆ, ಟೀ ಅಂಗಡಿ.

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಕತ್ತರಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರು ಕೇಳಿದ್ದು ಕೆಲಸದ ವಿಷಯವಲ್ಲ.

"ಅಣ್ಣ, ಆ ಕಾರ್ಖಾನೆ ಮ್ಯಾಚಲ್ಲಿ, ಕೊನೇಲಿ, ಸೆಲ್ವ ಗೋವಿಂದರಾಜುನ ಎದುರಿಗೆ ನಿಲ್ಲಿಸ್ಕೊಂಡು, ತಿರುಗಿ ನೋಡದೆ ಬೆನ್ನ ಹಿಂದ್ಲಿಂದ ಪಾಸ್ ಕೊಟ್ಟ. ಇನ್ನೊಬ್ಬ ಗೆರೆ ಪಕ್ಕದಲ್ಲಿ ಓಡಿಬಂದು ಹಾಕ್ದ. ಮೂರು ವರ್ಷ ಹೇಳ್ಕೊಟ್ಟಿದ್ದೆ ಅದನ್ನ. ಒಂದೇ ಒಂದ್ಸಲ ಬಂತು. ಈಗ್ಲೂ ಇಲ್ಲಿ ಮೊಗ್ಗು ಕೀಳ್ತಾ ಕೀಳ್ತಾ ಅದನ್ನೇ ನೆನೆಸ್ಕೊಂತಿರ್ತೀನಿ. ಅದೂ ಬಿಟ್ಕೊಟ್ಟಿದ್ದೇನಾ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

"ಗೊತ್ತಿಲ್ಲ ಅಂದ್ರೆ ಆಯ್ತು ಬಿಡಿ" ಎಂದರು. ಬುತ್ತಿ ಬಿಚ್ಚಿ ಅದರಲ್ಲಿ ನನಗೂ ಪಾಲು ಕೊಟ್ಟರು.

ಹೊಸೂರಿಗೆ ಬಂದವನೇ ಮೊದಲು ಸೆಲ್ವಂನ ಮನೆಗೆ ಹೋಗಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡ. ಈಗ ರಸ್ತೆಯಲ್ಲಿ ಕಂಡರೆ ಆ ಬದಿಗೆ ದಾಟಿಹೋಗುತ್ತಾನೆ. ಅವನು ದಾಟುವುದೇ ಸರಿ. ಅಲ್ಲಿಂದ ಗೋವಿಂದರಾಜುವಿನ ಮನೆಗೆ ಹೋಗಿ ಆ ಪಾಸಿನ ವಿಷಯ ಕೇಳಿದೆ. ಅವನ ಮುಖ ಅರಳಿತು.

"ಆ ಪಾಸಾ? ಅದು ಬಿಟ್ಕೊಟ್ಟಿದ್ದಲ್ಲ ಅಣ್ಣ, ಅಮ್ಮನಾಣೆ! ಆ ಹುಡುಗ ಎದುರಿಗೆ ನಿಂತು ಚೆಂಡು ಕುಣಿಸಿದ ರೀತಿಗೆ ನನಗೆ ರೋಷ ಬಂದ್ಬುಟ್ಟಿತ್ತು. ನೀವು ಹೇಳಿದ್ದೆಲ್ಲ ಮರೆತೋಯ್ತು. ಜೀವ ಬಿಟ್ಟು ಎಗರಿದೆ. ಸಿಗಲಿಲ್ಲ. ನಿಜವಾಗ್ಲೂ ನನ್ನ ಮೀರಿಸ್ದ."

ಮರುದಿನವೇ ಮತ್ತೆ ಬಾಗಲೂರಿಗೆ ಓಡಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ಆ ಮನುಷ್ಯನಿಗೆ ಕೊಡಲು ನನ್ನ ಹತ್ತಿರ ಒಂದು ನಿಜವಿತ್ತು. ಗೋವಿಂದರಾಜು ಆಡಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಮೇಷ್ಟ್ರು ಕೇಳಿಸಿಕೊಂಡರು. ಕೇಳಿ, ನೋವಿನಲ್ಲಿರುವವರು ತಮ್ಮನ್ನು ನೋಡಲು ಬಂದ ನೆಂಟರ ಕಡೆ ನಗುವಂತೆ ನಕ್ಕರು.

"ಇಷ್ಟು ದೂರ ಇದಕ್ಕೇ ಬಂದ್ರಾ? ನನ್ನ ಸಮಾಧಾನಕ್ಕೆ."

"ಸಮಾಧಾನಕ್ಕಲ್ಲ ಮೇಷ್ಟ್ರೇ, ನಿಜ! ಅವನನ್ನೇ ಕರ್ಕೊಂಡು ಬರ್ತೀನಿ, ಅವನ ಬಾಯಲ್ಲೇ ಕೇಳಿ."

"ಬೇಡಣ್ಣ." ಸಿಟ್ಟಿಲ್ಲದ ದನಿಯಲ್ಲೇ ಹೇಳಿದರು. "ನೀವು ಹೇಳಿದ್ರೆ ಅವನು ಏನ್ ಬೇಕಾದ್ರೂ ಹೇಳ್ತಾನೆ."

ಮುಂದಿನ ಸಲ ನಾನು ಹೋದಾಗ ಅವರು ತೋಟದಲ್ಲಿರಲಿಲ್ಲ. ಮಗಳ ಊರಿಗೆ ಹೋದರೆಂದು ಅಲ್ಲಿನವರು ಹೇಳಿದರು, ಯಾವ ಊರೆಂದು ಅವರಿಗೆ ತಿಳಿದಿರಲಿಲ್ಲ. ಆ ಪಾಸು ನಿಜವಾಗಿತ್ತು. ಇದನ್ನು ನಾನು ಯಾರ ಹತ್ತಿರ ಬೇಕಾದರೂ ಹೇಳಬಲ್ಲೆ, ಕೇಳಬೇಕಾದವರೊಬ್ಬರನ್ನು ಬಿಟ್ಟು.